ಮುಖಪುಟದ ಮೇಲೆ ಎದುರಾಳಿ ಎಲ್ಲಿ?

ಮುಖಪುಟವನ್ನು ವಿಮರ್ಶೆ ಮಾಡುವುದುಂಟೆ ಎಂದು ಕೆಲವರು ಹುಬ್ಬೇರಿಸಿಯಾರು. ಅದೂ ಆಟೋಟದ ಪತ್ರಿಕೆಗಳ ಮುಖಪುಟ. ಅದೂ ಕನ್ನಡ ಕಲಿಸುವ ಉಪನ್ಯಾಸಕನೊಬ್ಬನಿಂದ! ಕಾವ್ಯಗ್ರಂಥದ ರಕ್ಷಾಪುಟವನ್ನೇ ನೋಡದೆ ನೇರವಾಗಿ ಪೀಠಿಕೆಗೆ ಹೋಗುವ ಜನ ನಾವು. ಆದರೆ ಪುಟವೂ ಒಂದು ರಚನೆಯೇ. ಯಾವುದನ್ನು ಮುಂದಿಡಬೇಕು, ಯಾವುದನ್ನು ಹಿಂದೆ ಸರಿಸಬೇಕು, ಯಾವುದನ್ನು ಬಿಟ್ಟೇಬಿಡಬೇಕು ಎಂಬ ಪ್ರಶ್ನೆಗಳು ಕವಿಗೆ ಎದುರಾಗುವಂತೆಯೇ ಪುಟ ಕಟ್ಟುವವನಿಗೂ ಎದುರಾಗುತ್ತವೆ. ಹಾಗಿದ್ದಮೇಲೆ ಔಚಿತ್ಯದ ಮಾತು ಕಾವ್ಯಕ್ಕೆ ಮಾತ್ರ ಮೀಸಲಾಗಬೇಕಿಲ್ಲ. ಲೇಖನ ಓದುವವರಿಗಿಂತ ಮುಖಪುಟ ನೋಡುವವರೇ ಎಂದೆಂದಿಗೂ ಹೆಚ್ಚು. ನೋಡಿದ್ದು ಓದಿದ್ದಕ್ಕಿಂತ ಬೇಗ ಮನಸ್ಸಿನಲ್ಲಿ ಕೂಡುತ್ತದೆ, ಬೇಗ ಏಳುವುದಿಲ್ಲ.

ನಮ್ಮ ಹಲಗೇರಿಯಲ್ಲಿ ನಾನು ಹೋಗುವ ಕ್ಷೌರದಂಗಡಿಯ ಗೋಡೆ ಇದಕ್ಕೆ ಸಾಕ್ಷಿ. ಅಲ್ಲಿ ಆಟದ ಪತ್ರಿಕೆಗಳಿಂದ ಬಿಡಿಸಿ ಅಂಟಿಸಿದ ಹನ್ನೊಂದು ವರ್ಣಚಿತ್ರಗಳಿವೆ. ಕೆಲವಕ್ಕೆ ಇಪ್ಪತ್ತೈದು ವರ್ಷವಾದರೂ ಆಗಿರಬೇಕು. ಕೆಂಪು ಬಣ್ಣ ಮಾಸಿ ನೀಲಿಯಷ್ಟೇ ಉಳಿದಿದೆ. ಬ್ಯಾಟು ಎತ್ತಿದವರು, ಮುಷ್ಟಿ ಬಿಗಿದವರು, ಬಟ್ಟಲಿಗೆ ಮುತ್ತಿಡುವವರು, ಆಕಾಶ ನೋಡಿ ಕೈಮುಗಿದವರು ಎಲ್ಲರೂ ಇದ್ದಾರೆ. ಯಾರ ಮೇಲೆ ಗೆದ್ದರು ಎಂಬುದು ಮಾತ್ರ ಹನ್ನೊಂದರಲ್ಲಿ ಒಂದು ಚಿತ್ರದಲ್ಲಿಯೂ ಇಲ್ಲ. ಚೆಂಡು ಎಸೆದವನಿಲ್ಲ, ಅಡ್ಡಗಟ್ಟಿದವನಿಲ್ಲ, ಬಿದ್ದವನಿಲ್ಲ. ಆಟದ ಪತ್ರಿಕೆಗಳ ಬಗೆಗೆ ನನಗಿರುವ ಮುಖ್ಯ ತಕರಾರು ಇದೇ.

ಇದು ಬರಿಯ ಅಭಿರುಚಿಯ ಮಾತಲ್ಲ. ನಮ್ಮ ಕಾವ್ಯಮೀಮಾಂಸೆ ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ವೀರರಸಕ್ಕೆ ಆಲಂಬನ ಯಾವುದು ಎಂದು ಕೇಳಿದರೆ, ವೀರನೇ ಎಂದು ನಮ್ಮ ವಿದ್ಯಾರ್ಥಿಗಳು ಥಟ್ಟನೆ ಹೇಳಿಬಿಡುತ್ತಾರೆ. ಅಲ್ಲ. ವೀರ ಉತ್ಸಾಹಕ್ಕೆ ಆಶ್ರಯ. ಆಲಂಬನವಾಗುವವನು ಗೆಲ್ಲಲ್ಪಡಬೇಕಾದವನು, ಎದುರಿನವನು. ಅವನನ್ನು ತೆಗೆದುಬಿಟ್ಟರೆ ಉಳಿಯುವುದು ಉತ್ಸಾಹವಲ್ಲ, ಅಲಂಕಾರ. ಆಲಂಕಾರಿಕರು ಇದನ್ನು ಹೇಳುವಾಗ ಅವರೆದುರು ಛಾಯಾಚಿತ್ರವಿರಲಿಲ್ಲ. ಆದರೂ ಮಾತು ಇಲ್ಲಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆಂಬುದನ್ನು ಗೋಡೆಯ ಆ ಹನ್ನೊಂದು ಚಿತ್ರಗಳೇ ಹೇಳುತ್ತವೆ.

ನಮ್ಮ ಕವಿಗಳು ಇದನ್ನು ಬಲ್ಲವರಾಗಿದ್ದರು. ರನ್ನನ ಗದಾಯುದ್ಧವನ್ನು ನೋಡಿ. ಅದರ ಇನ್ನೊಂದು ಹೆಸರು ಸಾಹಸಭೀಮವಿಜಯ. ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಬರೆದ ಕಾವ್ಯವಾದ್ದರಿಂದ ಹೆಸರು ಭೀಮನಿಗೆ ಸಲ್ಲಲೇಬೇಕು. ಆದರೆ ಕಾವ್ಯ ಓದಿ ಮುಗಿಸಿದವರ ಕಣ್ಣಮುಂದೆ ನಿಲ್ಲುವವನು ದುರ್ಯೋಧನ. ಇಂದಿನ ಮಾತಿನಲ್ಲಿ ಹೇಳುವುದಾದರೆ ಮುಖಪುಟ ಭೀಮನದು, ನಡುಪುಟ ದುರ್ಯೋಧನನದು! ಅರಸನ ಮನಸ್ಸಿಗೂ ನೋವಾಗಲಿಲ್ಲ, ಕಾವ್ಯಕ್ಕೂ ಮೋಸವಾಗಲಿಲ್ಲ. ಇಂಥ ಸಂಪಾದಕ ಈಗ ಸಿಕ್ಕುವುದು ಕಷ್ಟ. ಪಂಪ 941ರಲ್ಲಿ ಮುಗಿಸಿದ ಆದಿಪುರಾಣದಲ್ಲಿ ಭರತ ಬಾಹುಬಲಿಗಳ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿವೆ. ಕನ್ನಡದಲ್ಲಿ ನಿಯಮಬದ್ಧ ಸ್ಪರ್ಧೆಯ ಅಷ್ಟು ಹಳೆಯ ವರ್ಣನೆ ಬೇರೆ ಸಿಗುವುದು ಅಪರೂಪ. ಮೂರರಲ್ಲಿಯೂ ಕವಿ ಇಬ್ಬರನ್ನೂ ಕಣ್ಣಿನ ಅಳತೆಯೊಳಗೇ ಇಟ್ಟುಕೊಳ್ಳುತ್ತಾನೆ. ಶ್ರವಣಬೆಳಗೊಳದ ಬಾಹುಬಲಿ ಒಬ್ಬನೇ ನಿಂತಿದ್ದಾನಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಏಕೆಂದರೆ ಅದು ಗೆದ್ದವನ ವಿಗ್ರಹವಲ್ಲ. ಗೆದ್ದೂ ಕಣದಿಂದ ಹೊರಟುಹೋದವನ ವಿಗ್ರಹ. ಕಣದೊಳಗೇ ಇರುವವನನ್ನು ಹಾಗೆ ಏಕಾಂಗಿಯಾಗಿ ನಿಲ್ಲಿಸುವುದು ಬೇರೆಯೇ ಮಾತು.

ಕಲ್ಲಿನಲ್ಲಿ ಕಡೆದವರೂ ಇದನ್ನು ತಿಳಿದಿದ್ದರು. ಆತಕೂರಿನ ಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳು ಕೇಳಿದ್ದಾರೆ. ತಕ್ಕೋಲದ ಕಾಳಗದ ನಂತರ, ಸುಮಾರು 950ರಲ್ಲಿ, ಮಣಲೇರನೆಂಬ ವೀರ ತನ್ನ ಬೇಟೆನಾಯಿ ಕಾಳಿಯ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಕಾಳಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಕಲ್ಲಿನ ಮೇಲಿರುವ ಚಿತ್ರದಲ್ಲಿ ನಾಯಿ ಮಾತ್ರವಿಲ್ಲ, ಹಂದಿಯೂ ಇದೆ, ಒಂದಕ್ಕೊಂದು ಮೈತಾಗಿಸಿಕೊಂಡು. ಗೌರವ ಸಲ್ಲಬೇಕಾದದ್ದು ನಾಯಿಗೆ. ಶಿಲ್ಪಿ ಮನಸ್ಸು ಮಾಡಿದ್ದರೆ ಕೊರಳಪಟ್ಟಿ ಕಟ್ಟಿದ ಒಂದು ಅಂದವಾದ ನಾಯಿಯನ್ನು ಕಡೆದು ಕೈತೊಳೆದುಕೊಳ್ಳಬಹುದಿತ್ತು. ಹಂದಿಯಿಲ್ಲದೆ ಕಾಳಿ ಯಾರೂ ಅಲ್ಲವೆಂದು ಅವನಿಗೆ ಗೊತ್ತಿತ್ತು. ನಮ್ಮ ಹಾವೇರಿ ಸೀಮೆಯ ಊರುಗಳಲ್ಲಿ ಗುಡಿಯ ಬದಿಗೆ ಕಾಣುವ ವೀರಗಲ್ಲುಗಳನ್ನೂ ಹೀಗೆಯೇ ಓದಬಹುದು. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗದ ಸನ್ನಿಧಿ. ಇಡೀ ಕಲ್ಲಿಗೆ ಬುನಾದಿಯಾಗಿರುವುದು ಶತ್ರುವಿರುವ ಪಟ್ಟಿ. ಇಂದಿನ ಪುಟವಿನ್ಯಾಸದವರು ಕೆಳಗಿನ ಎರಡು ಪಟ್ಟಿಗಳನ್ನು ಕತ್ತರಿಸಿ ಮೇಲಿನದನ್ನಷ್ಟೇ ಅಚ್ಚು ಹಾಕುತ್ತಾರೆ. ನೇರವಾಗಿ ಕೈಲಾಸ!

ಹೊರದೇಶದ ಆಟದ ಪತ್ರಿಕೆಗಳೂ ಮೊದಲು ಹೀಗಿರಲಿಲ್ಲ. ಅಮೆರಿಕದ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ವಾರಪತ್ರಿಕೆಯ ಮೊದಲ ಸಂಚಿಕೆ 1954ರ ಆಗಸ್ಟ್ 16ರದು. ಅದರ ಮುಖಪುಟದಲ್ಲಿ ಮಿಲ್ವಾಕಿಯ ಬೇಸ್‌ಬಾಲ್ ಮೈದಾನ, ರಾತ್ರಿಯ ದೀಪದ ಬೆಳಕು. ಎಡ್ಡಿ ಮ್ಯಾಥ್ಯೂಸ್ ಬ್ಯಾಟು ಬೀಸಿದ್ದಾನೆ. ಅವನ ಹಿಂದೆ ಎದುರು ತಂಡದ ಕ್ಯಾಚರ್ ವೆಸ್ ವೆಸ್ಟ್ರಮ್. ಅವನ ಹಿಂದೆ ಅಂಪೈರ್. ಅವರೆಲ್ಲರ ಹಿಂದೆ ಕಿಕ್ಕಿರಿದ ಪ್ರೇಕ್ಷಕರು. ಮಾರ್ಕ್ ಕಾಫ್‌ಮನ್ ತೆಗೆದ ಚಿತ್ರ. ಬೇಸ್‌ಬಾಲಿನ ಗಂಧಗಾಳಿ ಇಲ್ಲದ ನನ್ನಂಥವನಿಗೂ ಇದು ಆಟವೆಂದು ತಿಳಿಯುತ್ತದೆ, ಏಕೆಂದರೆ ಆಟಕ್ಕೆ ಬೇಕಾದ ನಾಲ್ವರೂ ಅಲ್ಲಿದ್ದಾರೆ: ಆಡುವವನು, ಅವನ ಎದುರಿನವನು, ತೀರ್ಪು ಹೇಳುವವನು, ನೋಡುವವನು. ಒಂದು ಪುಟದಲ್ಲಿ ಇಷ್ಟನ್ನು ಇಕ್ಕಟ್ಟಿಲ್ಲದೆ ಕೂಡಿಸುವುದು ಸಣ್ಣ ಕೆಲಸವಲ್ಲ.

ಕ್ರಿಕೆಟ್ ರಸಿಕರಿಗೆ ಪೂಜ್ಯವಾದ ‘ವಿಸ್ಡನ್’ ವಾರ್ಷಿಕದ ಹಳದಿ ಹೊದಿಕೆಯನ್ನೂ ನೆನೆಯಬಹುದು. 1938ರಿಂದ ಅದರ ಮೇಲೆ ಎರಿಕ್ ರವಿಲಿಯಸ್ ಕೊರೆದ ಮರದಚ್ಚಿನ ಚಿತ್ರವಿದೆ: ಎತ್ತರದ ಟೋಪಿ ಹಾಕಿದ ಹಳೆಯ ಕಾಲದ ದಾಂಡಿಗ, ಅವನ ಬೆನ್ನಿಗೆ ವಿಕೆಟ್‌ಕೀಪರ್. ಇಬ್ಬರೂ ಯಾರೋ ಏನೋ, ಹೆಸರಿಲ್ಲ. ಹೆಸರಿನ ಅಗತ್ಯವೂ ಇಲ್ಲ; ಒಬ್ಬ ಒಂದು ಪಕ್ಷ, ಇನ್ನೊಬ್ಬ ಇನ್ನೊಂದು ಪಕ್ಷ, ಅಷ್ಟು ಸಾಕು. 2003ರಲ್ಲಿ ಮೊದಲ ಬಾರಿಗೆ ಆ ಗ್ರಂಥದ ಹೊರಹೊದಿಕೆಯ ಮೇಲೆ ಛಾಯಾಚಿತ್ರ ಬಂತು. ಇಂಗ್ಲೆಂಡಿನ ಮೈಕೆಲ್ ವಾನ್, ಒಬ್ಬನೇ. ಆಗ ಆದ ಬದಲಾವಣೆ ಚಿತ್ರಕ್ಕೆ ಬದಲಾಗಿ ಛಾಯಾಚಿತ್ರ ಬಂದದ್ದೆಂದು ಹಲವರು ತಿಳಿದಾರು. ನನಗೆ ಕಾಣುವಂತೆ ನಿಜವಾಗಿ ಆದದ್ದು, ಇಬ್ಬರಿದ್ದ ಕಡೆ ಒಬ್ಬನಾದದ್ದು.

ಛಾಯಾಚಿತ್ರದ ಮೇಲೆಯೇ ದೋಷ ಹೊರಿಸುವುದು ನನ್ನ ಉದ್ದೇಶವಲ್ಲ. 1960ರ ಡಿಸೆಂಬರ್ 14ರಂದು ಬ್ರಿಸ್ಬೇನಿನಲ್ಲಿ ಆಸ್ಟ್ರೇಲಿಯ ವೆಸ್ಟ್ ಇಂಡೀಸ್ ನಡುವಣ ಟೆಸ್ಟ್ ಪಂದ್ಯ ಟೈ ಆದದ್ದು ಟೆಸ್ಟ್ ಇತಿಹಾಸದಲ್ಲಿಯೇ ಮೊದಲು. ಜೋ ಸಾಲೊಮನ್ ಎಸೆದ ಚೆಂಡು ನೇರವಾಗಿ ವಿಕೆಟ್ಟಿಗೆ ಬಡಿದು ಮೆಕಿಫ್ ರನ್‌ಔಟಾದ ಕ್ಷಣವನ್ನು ‘ದಿ ಏಜ್’ ಪತ್ರಿಕೆಯ ರಾನ್ ಲೋವಿಟ್ ಸೆರೆಹಿಡಿದ. ರೋಹನ್ ಕನ್ಹಾಯ್ ಕೈಗಳೆರಡನ್ನೂ ಎತ್ತಿ ಗಾಳಿಯಲ್ಲಿದ್ದಾನೆ. ಮೆಕಿಫ್ ಇನ್ನೂ ಗೆರೆಯ ಹೊರಗೆ. ಯಾವನೊಬ್ಬನ ಮುಖವೂ ಅದರಲ್ಲಿ ದೊಡ್ಡದಾಗಿಲ್ಲ. ಕಣ್ಣು ಒಬ್ಬನಿಂದ ಒಬ್ಬನಿಗೆ ಓಡಾಡಬೇಕು. ಹಾಗೆ ಓಡಾಡುವಾಗಲೇ ಪಂದ್ಯ ನಮ್ಮೊಳಗೆ ಇನ್ನೊಮ್ಮೆ ನಡೆಯುತ್ತದೆ. ಅರವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೂ ಆ ಕಪ್ಪುಬಿಳುಪು ಚಿತ್ರ ಹಳತಾಗಿಲ್ಲ.

ಹಾಗಾದರೆ ಎದುರಾಳಿ ಎಲ್ಲಿ ಕಳೆದುಹೋದ? ಒಂದು ಕಾರಣ ಯಂತ್ರದ್ದು. ಉದ್ದ ಮೂತಿಯ ಟೆಲಿಫೋಟೊ ಮಸೂರಗಳು ಬಂದವು. ನೂರು ಗಜ ದೂರದ ಆಟಗಾರನ ಹಣೆಯ ಬೆವರಹನಿಯನ್ನು ಅವು ಕೈಗೆಟಕುವಂತೆ ತಂದುಕೊಟ್ಟವು. ಆದರೆ ಅವನ ಹಿಂದೆ ಮುಂದೆ ಇದ್ದುದನ್ನೆಲ್ಲ ಹಸಿರು ಮಂಜು ಮಾಡಿಬಿಟ್ಟವು. ಆ ಮಂಜಿನೊಳಗೆ ಕರಗಿದವರು ಕ್ಷೇತ್ರರಕ್ಷಕರು, ಎದುರು ತಂಡದವರು. ಇನ್ನೊಂದು ಕಾರಣ ಅಂಗಡಿಯದು. ಮದರಾಸಿನ ಹಿಂದೂ ಬಳಗ 1947ರಿಂದ 1968ರವರೆಗೆ ‘ಸ್ಪೋರ್ಟ್ ಅಂಡ್ ಪಾಸ್ಟೈಮ್’ ಹೊರಡಿಸಿತು; 1978ರಲ್ಲಿ ಅದೇ ಬಳಗ ‘ಸ್ಪೋರ್ಟ್‌ಸ್ಟಾರ್’ ಆರಂಭಿಸಿತು. ನನ್ನ ಪೀಳಿಗೆಯ ಹುಡುಗರಿಗೆ ಈ ಎರಡನೆಯದೆಂದರೆ ಅದರ ನಡುಪುಟ. ಪಿನ್ನನ್ನು ಉಗುರಿನಿಂದ ಎಬ್ಬಿಸಿ, ಹಾಳೆ ಹರಿಯದಂತೆ ಬಿಡಿಸಿ, ಮತ್ತೆ ಪಿನ್ನು ಮಡಚಿ ಇಡುವ ಕಲೆ ನಮಗೆಲ್ಲ ಬರುತ್ತಿತ್ತು. ಇಂಗ್ಲಿಷ್ ಓದಲು ಬಾರದವನೂ ಅದನ್ನು ಕೊಳ್ಳುತ್ತಿದ್ದುದು ಆ ಒಂದು ಹಾಳೆಗಾಗಿ. ಗೋಡೆಗೆ ಹೋಗುವ ಚಿತ್ರದಲ್ಲಿ ಇಬ್ಬರಿದ್ದರೆ ಯಾರ ಅಭಿಮಾನಿ ಕೊಂಡಾನು? ಪೂಜೆಗೆ ಒಂದೇ ಮೂರ್ತಿ ಬೇಕು. ಹೀಗೆ ನಡುಪುಟದ ನೀತಿ ಮೆಲ್ಲಗೆ ಮುಖಪುಟಕ್ಕೆ ಬಂತು, ಮುಖಪುಟದಿಂದ ದಿನಪತ್ರಿಕೆಯ ಆಟದ ಪುಟಕ್ಕೂ ಇಳಿಯಿತು.

ಇದರಿಂದ ಆದ ನಷ್ಟವನ್ನು ನಮ್ಮ ಗುಂಡಪ್ಪ ವಿಶ್ವನಾಥರ ಉದಾಹರಣೆಯಿಂದ ಹೇಳುತ್ತೇನೆ. 1975ರ ಜನವರಿಯಲ್ಲಿ ಮದರಾಸಿನ ಚೆಪಾಕ್ ಮೈದಾನದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಅವರು ಹೊಡೆದ 97, ಔಟಾಗದೆ. ಇಡೀ ತಂಡದ ಮೊತ್ತ 190. ಆ ಇನ್ನಿಂಗ್ಸಿನಲ್ಲಿ ಆಂಡಿ ರಾಬರ್ಟ್ಸ್ 64 ಓಟಗಳಿಗೆ 7 ವಿಕೆಟ್ ಕಿತ್ತಿದ್ದ. ನೂರಕ್ಕೆ ಮೂರು ಕಡಿಮೆಯಾದ ಈ ಆಟವನ್ನು ಹಿರಿಯರು ಅನೇಕ ಶತಕಗಳಿಗಿಂತ ಮೇಲಿಡುವುದು ಏತಕ್ಕೆ? ರಾಬರ್ಟ್ಸ್ ಇದ್ದುದಕ್ಕೆ. ವಿಶ್ವನಾಥರ ಸ್ಕ್ವೇರ್ ಕಟ್ ಭಂಗಿಯನ್ನಷ್ಟೇ ಕತ್ತರಿಸಿ ಅಚ್ಚು ಹಾಕಿದರೆ ಮಣಿಕಟ್ಟಿನ ಚೆಲುವು ಕಾಣುತ್ತದೆ. ಆದರೆ ಅದೇ ಭಂಗಿ ಸಂಜೆ ವೇಳೆ ಅಭ್ಯಾಸದ ಬಲೆಯೊಳಗೂ ಕಂಡೀತು. ಆ ದಿನದ್ದೆಂದು ಗೊತ್ತಾಗಬೇಕಾದರೆ ರಾಬರ್ಟ್ಸ್ ಬೇಕೇ ಬೇಕು.

ಚಿತ್ರದಲ್ಲಿ ಇಬ್ಬರು ಇರಲೇಬೇಕೆಂಬ ಲೆಕ್ಕಾಚಾರದ ನಿಯಮ ನನ್ನದಲ್ಲ. ಅನಿಲ್ ಕುಂಬ್ಳೆಯವರ ಒಂದು ಚಿತ್ರ ಎಲ್ಲರೂ ನೋಡಿದ್ದಾರೆ: 2002ರ ಮೇ ತಿಂಗಳು, ಆಂಟಿಗಾ, ತಲೆಯಿಂದ ಗದ್ದದವರೆಗೆ ಬಿಳಿಯ ಪಟ್ಟಿ. ಬ್ಯಾಟಿಂಗ್ ಮಾಡುವಾಗ ಮರ್ವಿನ್ ಡಿಲ್ಲನ್‌ನ ಚೆಂಡು ತಗುಲಿ ದವಡೆ ಮುರಿದಿತ್ತು. ಆದರೂ ಬಂದು 14 ಓವರ್ ಎಸೆದು ಬ್ರಯನ್ ಲಾರಾನನ್ನು ಔಟ್ ಮಾಡಿದರು. ಚಿತ್ರದಲ್ಲಿ ಕುಂಬ್ಳೆ ಒಬ್ಬರೇ ಇದ್ದರೂ ಎದುರಾಳಿ ಇಲ್ಲವೆನ್ನುವಂತಿಲ್ಲ. ಆ ಪಟ್ಟಿಯಲ್ಲಿಯೇ ಅವನಿದ್ದಾನೆ. ಧ್ವನಿ ಎಂದು ನಾವು ಪಾಠ ಹೇಳುವುದು ಇದನ್ನೇ. ವಾಚ್ಯವಾಗದೆಯೂ ಇರುವುದು.

ಮಾತಿನ ಮಿತವ್ಯಯಕ್ಕೆ ಹೆಸರಾದ ಇನ್ನೊಂದು ಮುಖಪುಟವಿದೆ. ಅದರ ಬಗೆಗೆ ನನಗೆ ಎರಡು ಮನಸ್ಸು. 1980ರ ಫೆಬ್ರವರಿ 22ರಂದು ಲೇಕ್ ಪ್ಲಾಸಿಡ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಹುಡುಗರು ಐಸ್ ಹಾಕಿಯಲ್ಲಿ ಸೋವಿಯತ್ ತಂಡವನ್ನು ಸೋಲಿಸಿದರು. ಮಾರ್ಚ್ 3ರ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಹೈಂಜ್ ಕ್ಲುಯೆಟ್ಮಯರ್ ತೆಗೆದ ಸಂಭ್ರಮದ ಚಿತ್ರವನ್ನು ಮುಖಪುಟಕ್ಕೆ ಹಾಕಿ, ಪತ್ರಿಕೆಯ ಹೆಸರಿನ ಹೊರತು ಒಂದು ಶೀರ್ಷಿಕೆಯನ್ನೂ ಬರೆಯಲಿಲ್ಲ. ಮೇಲೆತ್ತಿದ ಕೋಲುಗಳು, ಅಪ್ಪಿಕೊಂಡ ಮೈಗಳು, ಹಿಂದೆ ಬಾವುಟ. ಮಾತನ್ನು ಬಿಟ್ಟುಕೊಟ್ಟ ಸಂಯಮ ಮೆಚ್ಚತಕ್ಕದ್ದೇ. ಮುಖಪುಟವನ್ನು ಸಂತೆಯ ಕೂಗಿನಂತೆ ಆರೆಂಟು ಬಣ್ಣದ ಶೀರ್ಷಿಕೆಗಳಿಂದ ತುಂಬುವ ನಮ್ಮವರು ಕಲಿಯಬೇಕಾದ ಪಾಠ. ಆದರೆ ಗೆದ್ದ ಮೇಲಿನ ಚಿತ್ರವದು, ಗೆಲ್ಲುತ್ತಿರುವ ಚಿತ್ರವಲ್ಲ. ಸುದ್ದಿ ಮೊದಲೇ ಗೊತ್ತಿದ್ದ ದೇಶಕ್ಕೆ ಅದು ಸಾಕಾಯಿತು. ಗೊತ್ತಿಲ್ಲದವನ ಕೈಗೆ ಕೊಟ್ಟರೆ ಯಾವುದೋ ಮದುವೆಯ ದಿಬ್ಬಣವೆಂದುಕೊಂಡಾನು.

ಅಗ್ಗದ ಅಚ್ಚಿನಲ್ಲಿ ಒಳ್ಳೆಯ ವಿನ್ಯಾಸ ಸಾಧ್ಯವಿಲ್ಲವೆಂಬವರು ನಮ್ಮ ಕಡೆಯ ಜಂಗೀ ಕುಸ್ತಿಯ ಪೋಸ್ಟರನ್ನು ನೋಡಬೇಕು. ಜಾತ್ರೆಯ ಮುಂಚೆ ಬಸ್ ನಿಲ್ದಾಣದ ಗೋಡೆಗೆ ಹಚ್ಚುತ್ತಾರಲ್ಲ, ಅದು. ಕಾಗದ ತೆಳು, ಬಣ್ಣ ಒಂದರ ಮೇಲೊಂದು ಜಾರಿರುತ್ತದೆ, ಪೈಲವಾನರ ಮುಖ ಗುರುತು ಹತ್ತುವುದೂ ಕಷ್ಟ. ಆದರೂ ಅದರಲ್ಲಿ ಪೈಲವಾನ ಒಬ್ಬನೇ ಎಂದೂ ಬರುವುದಿಲ್ಲ. ಜೋಡಿ ಜೋಡಿಯಾಗಿ ಬರುತ್ತಾನೆ; ನಡುವೆ ‘ವಿರುದ್ಧ’ ಎಂಬ ಒಂದು ಮಾತು. ಕುಸ್ತಿ ನೋಡಲು ಹೋಗುವವನಿಗೆ ಯಾರು ಬರುತ್ತಾನೆ ಎಂಬುದಕ್ಕಿಂತ ಯಾರ ಮೇಲೆ ಯಾರು ಎಂಬುದು ಮುಖ್ಯ. ಪೋಸ್ಟರು ಹೊಡೆಯುವವನಿಗೆ ಅದು ಗೊತ್ತು. ದೀಪಾವಳಿಯ ನಂತರ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸುತ್ತ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯ ಫ್ಲೆಕ್ಸುಗಳಲ್ಲಿ ಮಾತ್ರ ಈ ತಿಳಿವಳಿಕೆ ಕಾಣುವುದಿಲ್ಲ. ಮೈತುಂಬ ಕೊಬ್ಬರಿ ಮಾಲೆ, ಕೋಡಿಗೆ ರಿಬ್ಬನ್ನು ಕಟ್ಟಿಕೊಂಡ ಹೋರಿ ನಡುವೆ ನಿಂತಿರುತ್ತದೆ; ಸುತ್ತ ದುಂಡು ಚೌಕಟ್ಟುಗಳಲ್ಲಿ ಮಾಲೀಕರು, ಮುಖಂಡರು, ಶುಭಕೋರುವವರು. ಕೊಬ್ಬರಿ ಹರಿಯಲು ಅಖಾಡದಲ್ಲಿ ಕೈಚಾಚಿ ನಿಂತ ಹುಡುಗರಿಗೆ ಆ ದುಂಡು ಚೌಕಟ್ಟುಗಳಲ್ಲಿ ಜಾಗವಿಲ್ಲ. ಆ ಕೈಗಳಿಗೆ ಸಿಗದೆ ಓಡಿದ್ದಕ್ಕೇ ಅಲ್ಲವೆ ಹೋರಿಗೆ ಹೆಸರು ಬಂದದ್ದು! ಹೋರಿಯ ವಿಷಯದಲ್ಲಿ ನಗಬಹುದು. ಆದರೆ ನಗರದ ಹೊಳಪು ಕಾಗದದ ಮೇಲೆ ನಡೆಯುತ್ತಿರುವುದೂ ಇದೇ.

ಇನ್ನು ಅಕ್ಷರದ ಮಾತು. ಇಂಗ್ಲಿಷ್ ಪತ್ರಿಕೆಗಳಲ್ಲಿ ಆಟಗಾರನ ತಲೆ ಪತ್ರಿಕೆಯ ಹೆಸರಿನ ಮೇಲೆ ಏರಿ ಒಂದೆರಡು ಅಕ್ಷರಗಳನ್ನು ಮರೆಮಾಡುವುದು ಬಹುಕಾಲದ ರೂಢಿ. ಅದರಿಂದ ಚಿತ್ರ ಮುಂದೆ ನುಗ್ಗಿ ಬಂದಂತೆ ಕಾಣುತ್ತದೆ, ನಿಜ. ರೋಮನ್ ಲಿಪಿ ಅದನ್ನು ತಡೆದುಕೊಳ್ಳುತ್ತದೆ. ಆ ಲಿಪಿಯ ಸಾಲನ್ನು ಅಡ್ಡಲಾಗಿ ಅರ್ಧ ಮುಚ್ಚಿ, ಮೇಲಿನರ್ಧ ಕಂಡರೆ ಸಾಕು, ಓದಿಬಿಡಬಹುದು. ಕನ್ನಡಕ್ಕೆ ಆ ಅನುಕೂಲವಿಲ್ಲ. ನಮ್ಮ ಲಿಪಿಯಲ್ಲಿ ಸ್ವರ ತಲೆಯ ಮೇಲೆ ಕೂಡುತ್ತದೆ, ಒತ್ತು ಕಾಲ ಕೆಳಗೆ ಕೂಡುತ್ತದೆ. ಮೇಲೆ ಮುಚ್ಚಿದರೆ ಗುಡಿಸು ಹೋಯಿತು, ಕೆಳಗೆ ಮುಚ್ಚಿದರೆ ಒತ್ತಕ್ಷರ ಹೋಯಿತು. ‘ಕ್ರೀಡೆ’ ಎಂಬ ಶೀರ್ಷಿಕೆಯ ಕೆಳಗಂಚನ್ನು ಆಟಗಾರನ ಹೆಲ್ಮೆಟ್ಟು ಮರೆಮಾಡಿತೆನ್ನಿ, ಉಳಿಯುವುದು ‘ಕೀಡೆ’. ಹುಳುವಿಗೂ ಆಟಕ್ಕೂ ನಡುವೆ ಒಂದು ರಕಾರದ ಒತ್ತಷ್ಟೇ ಅಂತರ! ಮೊಳೆ ಜೋಡಿಸುತ್ತಿದ್ದ ಕಾಲದ ಕಂಪಾಜಿಟರಿಗೆ ಒತ್ತಿಗಾಗಿ ಸಾಲಿನ ಕೆಳಗೆ ಜಾಗ ಬಿಡಲೇಬೇಕಿತ್ತು. ಬಿಡದಿದ್ದರೆ ಕೆಳಗಿನ ಸಾಲಿನ ಕೊಂಬು ಒತ್ತಿಗೆ ಬಡಿಯುತ್ತಿತ್ತು. ಗಣಕಯಂತ್ರ ಬಂದಮೇಲೆ ಸಾಲುಗಳನ್ನು ಎಷ್ಟು ಬೇಕಾದರೂ ಹತ್ತಿರ ಎಳೆಯಬಹುದಾಯಿತು, ಎಳೆದರು. ದೊಡ್ಡಕ್ಷರ ಸಣ್ಣಕ್ಷರವೆಂಬ ಭೇದ ನಮ್ಮಲ್ಲಿಲ್ಲದ್ದರಿಂದ, ಇಂಗ್ಲಿಷಿನವರು ದೊಡ್ಡಕ್ಷರಗಳಿಂದ ಸಾಧಿಸುವ ಘರ್ಜನೆಯನ್ನು ನಮ್ಮವರು ದಪ್ಪ ಅಂಚು, ಎರಡು ನೆರಳು, ಓರೆ ಅಕ್ಷರಗಳಿಂದ ಸಾಧಿಸಹೊರಡುತ್ತಾರೆ. ಕನ್ನಡ ಅಕ್ಷರದ ಚೆಲುವು ಅದರ ದುಂಡಿನಲ್ಲಿದೆ. ಓರೆ ಮಾಡಿದರೆ ಅದು ಓಡುವಂತೆ ಕಾಣುವುದಿಲ್ಲ, ಎಡವಿದಂತೆ ಕಾಣುತ್ತದೆ.

ನಮ್ಮ ಹಳೆಯ ವಾರಪತ್ರಿಕೆ, ಮಾಸಪತ್ರಿಕೆಗಳು ಈ ವಿಷಯದಲ್ಲಿ ಜಾಣರು. 1921ರಲ್ಲಿ ಹುಟ್ಟಿದ ‘ಕರ್ಮವೀರ’, 1956ರ ‘ಕಸ್ತೂರಿ’, 1965ರ ‘ಸುಧಾ’, 1983ರ ‘ತರಂಗ’ – ಹೆಸರುಗಳನ್ನು ನೋಡಿ, ಎರಡರಿಂದ ನಾಲ್ಕು ಅಕ್ಷರ. ಕೆಳಗೆ ಇಳಿಬಿದ್ದ ಒತ್ತುಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಪುಟದ ನೆತ್ತಿಯಲ್ಲಿ ಅವು ತಾವಾಗಿ ಕೂಡುತ್ತವೆ. ಬೇಕೆಂದೇ ಹಾಗೆ ಆರಿಸಿದರೋ, ಕಿವಿಯ ಇಂಪಿಗೆ ಒಲಿದು ಆರಿಸಿದರೋ, ಫಲವಂತೂ ಒಂದೇ.

ಈ ಎಲ್ಲ ವಿಚಾರ ನನ್ನ ತಲೆಯೊಳಗೆ ಗಟ್ಟಿಯಾದದ್ದು ದೊಡ್ಡ ಪತ್ರಿಕೆಗಳಿಂದಲ್ಲ, ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಿಂದ. ಅದರ ಸಂಪಾದಕತ್ವ ಈ ಸಲ ನನ್ನ ಪಾಲಿಗೆ ಬಂದಿದೆ. ಹುಡುಗಿಯರ ಕಬಡ್ಡಿ ತಂಡ ತಾಲ್ಲೂಕು ಮಟ್ಟದಲ್ಲಿ ಗೆದ್ದ ಚಿತ್ರವನ್ನು ಮುಖಪುಟಕ್ಕೆ ಹಾಕುವುದೆಂದು ತೀರ್ಮಾನವಾಯಿತು. ಸಹೋದ್ಯೋಗಿಯೊಬ್ಬರು ಮೊಬೈಲಿನಲ್ಲಿ ತೆಗೆದ ಚಿತ್ರ ಚೆನ್ನಾಗಿಯೇ ಬಂದಿತ್ತು. ದಾಳಿಗೆ ಹೋದ ನಮ್ಮ ಹುಡುಗಿ ನೆಲಕ್ಕೆ ಬಿದ್ದು ಕೈಚಾಚಿ ನಡುಗೆರೆ ಮುಟ್ಟುತ್ತಿದ್ದಾಳೆ; ಅವಳ ಕಾಲನ್ನು ಒಬ್ಬಳು, ಸೊಂಟವನ್ನು ಇನ್ನೊಬ್ಬಳು ಹಿಡಿದಿದ್ದಾರೆ; ಮೂರನೆಯವಳು ಮೇಲೆ ಬೀಳುವುದರಲ್ಲಿದ್ದಾಳೆ. ಅಚ್ಚಿನ ಮನೆಯಿಂದ ಬಂದ ಕರಡಿನಲ್ಲಿ ಹಿಡಿದವರೆಲ್ಲ ಮಾಯವಾಗಿ, ನಮ್ಮ ಹುಡುಗಿ ಒಬ್ಬಳೇ ಕಿತ್ತಳೆ ಬಣ್ಣದ ಬೆಂಕಿಯ ಜ್ವಾಲೆಯ ಮುಂದೆ ತೇಲುತ್ತಿದ್ದಳು. ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರೂ ಭೇಷ್ ಎಂದರು. ಆ ಹುಡುಗಿಯನ್ನೇ ಕರೆದು ತೋರಿಸಿದೆ. ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ಸರ್, ನನ್ನ ಕಾಲ ಹಿಡದಾಕಿ ಎಲ್ಲಿ ಹೋದ್ಲರೀ?”

“ಆಕಿ ಬ್ಯಾರೆ ಕಾಲೇಜಿನಾಕಿ ಅಲ್ಲೇನವ್ವಾ, ನಮ್ಮ ಪುಸ್ತಕದಾಗ ಆಕಿ ಯಾಕ ಅಂತ ತಗದಾರ” ಎಂದರು ಪಕ್ಕದಲ್ಲಿದ್ದ ಹಿರಿಯರೊಬ್ಬರು.

“ಆಕಿ ಹಿಡದಿದ್ದಕ್ಕ ಅಲ್ರೀ ನಾ ಗೆರಿ ಮುಟ್ಟಿದ್ದು ದೊಡ್ಡದಾಗಿದ್ದು? ಇದರಾಗ ನಾ ಸುಮ್ಮನ ಮಕ್ಕೊಂಡಂಗ ಕಾಣ್ತೀನ್ರೀ.”

ಆಲಂಬನ ವಿಭಾವದ ಮೇಲೆ ನಾನು ಎರಡು ತಾಸು ಕೊಟ್ಟ ಉಪನ್ಯಾಸ ಆ ಹುಡುಗಿಯ ಈ ಎರಡು ಮಾತಿಗೆ ಸಮನಾಗಲಾರದು. ನಿಜಕ್ಕೂ ಕಬಡ್ಡಿ ಏಕಾಂಗಿ ಚಿತ್ರಕ್ಕೆ ಒಗ್ಗದ ಆಟ. ಒಬ್ಬಳ ಎದುರು ಏಳು ಜನ, ಮೂವತ್ತು ಸೆಕೆಂಡು, ಒಂದೇ ಉಸಿರು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಬಂದಮೇಲೆ ಈ ಆಟಕ್ಕೆ ದೊಡ್ಡ ದೊಡ್ಡ ಜಾಹೀರಾತು ಚಿತ್ರಗಳು ಬಂದವು, ಸಂತೋಷ. ಆದರೆ ತೊಡೆ ತಟ್ಟಿ ನಿಂತ ದಾಳಿಗಾರನೊಬ್ಬನನ್ನು ಕ್ರಿಕೆಟ್ಟಿನ ಅಚ್ಚಿನಲ್ಲಿಯೇ ಎರಕ ಹೊಯ್ದರೆ, ಕೈಗೆ ಕೈ ಕೊಂಡಿ ಹಾಕಿ ಅವನನ್ನು ಬಳಸಿ ನಿಲ್ಲುವವರ ಸರಪಳಿ ಎಲ್ಲಿ ಕಂಡೀತು? ಹಿಡಿಯುವವರಾಗಿಯೇ ಬಾಳಿದ ಆಟಗಾರರು ಎಷ್ಟೋ ಜನರಿದ್ದಾರೆ. ಅಂಥವರಿಗೆ ಮುಖಪುಟದ ವ್ಯಾಕರಣದಲ್ಲಿ ವಿಭಕ್ತಿಯೇ ಇಲ್ಲ.

ಮುಖಪುಟದ ಜಗಳ ಪ್ರಾಚಾರ್ಯರ ತನಕ ಹೋಗಿ, ಕೊನೆಗೆ ಮುಖಪುಟಕ್ಕೆ ಕಾಲೇಜಿನ ಕಟ್ಟಡವನ್ನೇ ಹಾಕುವುದೆಂದಾಯಿತು. ಕಟ್ಟಡಕ್ಕೆ ಎದುರಾಳಿ ಇಲ್ಲ, ತಕರಾರೂ ಇಲ್ಲ. ಕಬಡ್ಡಿಯ ಚಿತ್ರಕ್ಕೆ ನಡುಪುಟ ಕೊಟ್ಟಿದ್ದಾರೆ. ಇದು ನನಗೆ ಸೋಲಾಗಿ ಕಾಣಲಿಲ್ಲ. ಪಿನ್ನು ಹೊಡೆದ ಪುಸ್ತಕದಲ್ಲಿ ಒಂದೇ ಹಾಳೆಯ ಜೋಡಿಪುಟವಾಗಿ ಬಿಚ್ಚಿಕೊಳ್ಳುವುದು ನಡುಪುಟ ಮಾತ್ರ. ಬೇರೆ ಕಡೆ ಎಡಪುಟವೊಂದು ಹಾಳೆ, ಬಲಪುಟವೊಂದು ಹಾಳೆ, ಚಿತ್ರ ಹಾಸಿದರೆ ಮಡಿಕೆಯಲ್ಲಿ ಕೂದಲೆಳೆಯಷ್ಟಾದರೂ ತಪ್ಪಿಯೇ ತಪ್ಪುತ್ತದೆ. ನಮ್ಮ ಸಂಚಿಕೆ ಎ4 ಅಳತೆಯದು. ಬಿಚ್ಚಿದ ನಡುಪುಟ 42 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಎತ್ತರ. ಹುಡುಗಿಯರ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಎರಡರ ಆಕಾರ ಹೆಚ್ಚು ಕಡಿಮೆ ಒಂದೇ. ಕ್ರಿಕೆಟ್ಟಿನ 22 ಗಜದ ಪಟ್ಟಿಯನ್ನು ಹೀಗೆ ಹಾಸಿದರೆ ಎಸೆತಗಾರ ಎಡಪುಟದಲ್ಲಿ, ದಾಂಡಿಗ ಬಲಪುಟದಲ್ಲಿ ಉಳಿದು, ಇಬ್ಬರಿಗೂ ಬೇಕಾದ ಚೆಂಡು ಮಡಿಕೆಯೊಳಗೆ ಸಿಕ್ಕಿಕೊಳ್ಳುತ್ತದೆ. ಕಬಡ್ಡಿಗೆ ಮಡಿಕೆಯೇ ವರ. ಆಟದ ನಡುಗೆರೆಯನ್ನು ಪುಟದ ಮಡಿಕೆಯ ಮೇಲೆ ಕೂಡಿಸಿದ್ದೇವೆ. ಹಿಡಿದವರು ಮೂವರೂ ಬಲಪುಟದಲ್ಲಿದ್ದಾರೆ, ಅವರ ಹಿಂದೆ ಉಳಿದ ನಾಲ್ವರು ಧಾವಿಸಿ ಬರುವುದೂ ಕಾಣುತ್ತದೆ. ಎಡಪುಟ ಬಹುತೇಕ ಖಾಲಿ. ನಮ್ಮ ಹುಡುಗಿಯ ಬೆರಳತುದಿಗಳಷ್ಟೇ ಮಡಿಕೆ ದಾಟಿ ಅಲ್ಲಿಗೆ ಬಂದಿವೆ.

ಅಷ್ಟು ಜಾಗ ಖಾಲಿ ಬಿಡುವುದು ಅಚ್ಚಿನ ಮನೆಯವರಿಗೆ ಸಮ್ಮತವಿಲ್ಲ. ಶುಭಾಶಯದ ಜಾಹೀರಾತೊಂದನ್ನು ಅಲ್ಲಿ ಕೂಡಿಸಬಹುದೆಂದು ಎರಡು ಸಲ ಫೋನ್ ಮಾಡಿದ್ದಾರೆ. ಎದುರು ತಂಡದ ಹುಡುಗಿಯರ ಹೆಸರುಗಳನ್ನು ಅವರ ಕಾಲೇಜಿನಿಂದ ಬರೆಸಿ ತರಲು ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಸೋಮವಾರ ಹೋಗುವವರಿದ್ದಾರೆ. ಹೆಸರುಗಳು ಬಂದಮೇಲೆ, ಒತ್ತಕ್ಷರಗಳಿಗೆ ಜಾಗ ಬಿಟ್ಟು, ಎಡಪುಟದ ಕೆಳ ಅಂಚಿನಲ್ಲಿ ಎರಡೂ ತಂಡದವರನ್ನು ಒಂದೇ ಅಳತೆಯ ಅಕ್ಷರದಲ್ಲಿ ಹಾಕುವುದು.